ಚೀನಾದ ಭೂಕಂಪ ಎಂಜಿನಿಯರಿಂಗ್‌ಗೆ ಅಡಿಪಾಯ ಹಾಕಿದವರು ಯಾರು?

ಲಿಯು ಹುಯ್‌ಷಿಯಾನ್. 1912ರಲ್ಲಿ ಹುಟ್ಟಿದವರು. ತಾಂಗ್‌ಶಾನ್ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1933ರಲ್ಲಿ ಪದವಿ, ಅಮೆರಿಕದ ಕಾರ್ನೆಲ್‌ನಲ್ಲಿ 1937ರಲ್ಲಿ ಪಿಎಚ್‌ಡಿ. 1951ರಲ್ಲಿ ಅಮೆರಿಕದಿಂದ ಚೀನಾಕ್ಕೆ ಮರಳಿದರು. 1954ರಲ್ಲಿ ಹಾರ್ಬಿನ್‌ನಲ್ಲಿ ಶುರುವಾದ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದ್ದು ಇವರೇ. ಕಟ್ಟಡಗಳು ಭೂಕಂಪ ತಡೆದುಕೊಳ್ಳಲು ಹೇಗಿರಬೇಕು ಅನ್ನೋ ನಿಯಮಗಳ ಮೊದಲ ಕರಡುಗಳೂ ಇವರ ಮುಂದಾಳತ್ವದಲ್ಲೇ ಬಂದವು.

ನನ್ನನ್ನು ಜಾಸ್ತಿ ಕಾಡುವುದು ಮುಂದಿನ ಕಥೆ. ಅವರು ಓದಿದ ಅದೇ ತಾಂಗ್‌ಶಾನ್ 1976ರ ಜುಲೈ 28ರ ನಸುಕಿನಲ್ಲಿ, 3.42ಕ್ಕೆ, ನೆಲಸಮವಾಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 2,42,000ಕ್ಕೂ ಹೆಚ್ಚು. ಅಲ್ಲಿಗೆ ದೊಡ್ಡ ಕಂಪನದ ಭಯವಿಲ್ಲ ಎಂದೇ ಲೆಕ್ಕ ಹಾಕಿದ್ದರು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಬ್ಬಿಣವಿಲ್ಲದ ಇಟ್ಟಿಗೆ ಗೋಡೆ, ಅದರ ಮೇಲೆ ಸುಮ್ನೆ ಕೂರಿಸಿದ ಕಾಂಕ್ರೀಟ್ ಹಲಗೆಗಳು. ಗೋಡೆ ಅಲುಗಿತು, ಹಲಗೆ ಜಾರಿ ಮಲಗಿದ್ದವರ ಮೇಲೆ ಬಿತ್ತು.

ಯಾವ ಕಟ್ಟಡ ಯಾಕೆ ಬಿತ್ತು, ಯಾವುದು ಯಾಕೆ ನಿಂತಿತು ಅನ್ನೋದು ದಾಖಲಾಗಬೇಕಲ್ವಾ? ಲಿಯು ಅವರ ಸಂಪಾದಕತ್ವದಲ್ಲಿ ಆ ದುರಂತದ ದೊಡ್ಡ ವರದಿ ಹಲವು ಸಂಪುಟಗಳಲ್ಲಿ ಬಂತು, ಆಮೇಲೆ ಇಂಗ್ಲಿಷಿಗೂ ಹೋಯಿತು. 1992ರಲ್ಲಿ ಅವರು ತೀರಿಕೊಂಡರು.