ಪುದೀನ ಹುಲುಸಾಗಿದೆ, ಘಮ ಮಾತ್ರ ಇಲ್ಲ!

ಪ್ರಶ್ನೆ: 10 ಗುಂಟೆಯಲ್ಲಿ ಪುದೀನ ಬೆಳೆದು ಬೆಂಗಳೂರು ಮಾರ್ಕೆಟ್ಟಿಗೆ ಹಾಕುತ್ತೇನೆ. ಪ್ರತಿ ಕೊಯ್ಲಿಗೂ ಯೂರಿಯಾ ಎರಚುತ್ತೇನೆ. ಸೊಪ್ಪು ಚೆನ್ನಾಗಿ ಬರುತ್ತದೆ, ಆದರೆ ಘಮ ಸಾಲದು. ಬೆಳಗ್ಗೆ ಕಟ್ಟು ಬಿಚ್ಚಿದರೆ ಒಳಗಿನ ಎಲೆ ಕಪ್ಪಾಗಿರುತ್ತದೆ. ಹೊಸ ಮಡಿಗೆ ಬರೀ ಸಾವಯವ ಗೊಬ್ಬರ ಹಾಕಿದರೆ ಇಳುವರಿ ಬಿದ್ದುಹೋಗುತ್ತದಾ? ಎಷ್ಟು ಹಾಕಬೇಕು?
- ಓದುಗರೊಬ್ಬರು, ಮಾಲೂರು

ಉತ್ತರ: ಮೊದಲ ಕೊಯ್ಲಿನಲ್ಲಿ ಸ್ವಲ್ಪ ಕಡಿಮೆ ಬರಬಹುದು, ಗಾಬರಿ ಬೇಡ. ಯೂರಿಯಾದಲ್ಲಿ ಸಾರಜನಕ ಶೇ. 46 ಇದೆ, ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5ರ ಆಸುಪಾಸು. ಅದೂ ಮಣ್ಣಿನ ಜೀವಿಗಳು ಕರಗಿಸಿದ ಹಾಗೆ ನಿಧಾನಕ್ಕೆ ಸಿಗುತ್ತದೆ. ಯೂರಿಯಾ ಜಾಸ್ತಿಯಾದರೆ ಎಲೆ ದೊಡ್ಡದಾಗುತ್ತದೆ ನಿಜ, ಆದರೆ ಒಳಗೆ ನೀರೇ ಹೆಚ್ಚು, ಹಾಗಾಗಿ ಘಮ ಸಾಲದು, ಬಿಗಿಯಾಗಿ ಕಟ್ಟಿದ ಕಟ್ಟಿನೊಳಗೆ ಬಿಸಿಯೇರಿ ಬೇಗ ಕೊಳೆಯುತ್ತದೆ.

ಸಾವಯವಕ್ಕೆ ಬಂದವರು ಎಡವುವುದು ಇನ್ನೊಂದು ಕಡೆ. ನಾಟಿಗೆ ಮುಂಚೆ ಒಂದು ಲೋಡು ಗೊಬ್ಬರ ಸುರಿದು, ಆಮೇಲೆ ಎಷ್ಟು ಸಲ ಕೊಯ್ದರೂ ಅದೇ ಸಾಕು ಅಂತ ಸುಮ್ನೆ ಕೂರುತ್ತಾರೆ. ಪ್ರತಿ ಕೊಯ್ಲಿನಲ್ಲೂ ಸೊಪ್ಪಿನ ಜೊತೆ ಸಾರ ಹೊಲದಿಂದ ಆಚೆ ಹೋಗುತ್ತದೆ, ಅದನ್ನು ತುಂಬಬೇಕಲ್ವಾ?

ನಿಮ್ಮ 10 ಗುಂಟೆಗೆ ನಾಟಿಗೆ ಮುಂಚೆ ಎರಡೂವರೆ ಟನ್ ಕೊಟ್ಟಿಗೆ ಗೊಬ್ಬರ ಸಾಕು. ಚೆನ್ನಾಗಿ ಕಳಿತದ್ದೇ ಆಗಬೇಕು. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಬೇಕು, ಸಗಣಿ ವಾಸನೆ ಇರಬಾರದು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು, ಕಳೆ ಎರಡನ್ನೂ ನೀವೇ ಕರೆದು ತಂದಂತೆ. ಅದರ ಜೊತೆ 50 ಕೆಜಿ ಬೇವಿನ ಹಿಂಡಿ ಸೇರಿಸಿ. ಬೇರು ಕೊಳೆಯುವ ಕಾಟ ಇದ್ದರೆ ಒಂದಷ್ಟು ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಕಲಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಹಾಕಿ. ಆದರೆ ಮಡಿಯಲ್ಲಿ ನೀರು ನಿಂತರೆ ಯಾವ ಗೊಬ್ಬರವೂ ಕೆಲಸ ಮಾಡುವುದಿಲ್ಲ.

ನಾಟಿಯಾದ ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ 40-45 ದಿನಕ್ಕೊಂದು. ನೆಲದಿಂದ ಎರಡು ಇಂಚು ಬಿಟ್ಟು ಕೊಯ್ದು, ಕಳೆ ತೆಗೆದು, ಅವತ್ತೋ ಮರುದಿನವೋ ಎರೆಗೊಬ್ಬರ ಉದುರಿಸಿ ನೀರು ಕೊಡಿ. ಪ್ರತಿ ಸಲ ಒಂದೂವರೆ ಕ್ವಿಂಟಾಲ್ ಆದರೂ ಬೇಕು. ಚಿಗುರು ಬಂದ ಮೇಲೆ ಹಾಕಿದರೆ ಗೊಬ್ಬರ ಎಲೆ ಮೇಲೆ ಕೂರುತ್ತದೆ, ತೊಳೆಯುವುದೇ ಒಂದು ಕೆಲಸ.

ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತ ಕೊಡುವುದಾದರೆ ಬುಡಕ್ಕೆ ಮಾತ್ರ, ಅದೂ ಕೊಯ್ದ ಹೊಸತರಲ್ಲಿ. ಸೊಪ್ಪಿನ ಮೇಲೆ ಸಿಂಪಡಿಸಲೇಬೇಡಿ. ಪುದೀನ ಹಸಿಯಾಗಿಯೇ ಚಟ್ನಿಗೆ, ಮಜ್ಜಿಗೆಗೆ ಹೋಗುವ ಸೊಪ್ಪು, ಸಗಣಿ ನೀರು ಬಿದ್ದ ಎಲೆಯನ್ನು ಯಾರಿಗೂ ತಿನ್ನಿಸಬಾರದು.

ಹೊಸ ಮಡಿಗೆ ನೆಡಲು ಬೇರುಕಾಂಡ (ಬೇರು ಬಿಟ್ಟು ಹರಡುವ ಕಾಂಡ) ತೆಗೆಯುವಾಗ ಹಳೇ ಗಿಡದ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಗುಳ್ಳೆ ಕಂಡರೆ ಅದು ತುಕ್ಕು ರೋಗ. ಅಂಥ ಮಡಿಯಿಂದ ಒಂದು ಕಡ್ಡಿಯನ್ನೂ ತರಬೇಡಿ, ಬೇರೆಯವರ ಹೊಲದಿಂದ ಆರೋಗ್ಯವಾಗಿರುವುದನ್ನು ಕೊಂಡು ನೆಡಿ.