ಸತತ ಒಂಬತ್ತು ಆಟ ಸೋತಿದ್ದೀರಿ, ಚೆಸ್ ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಚೆಸ್ ಡಾಟ್ ಕಾಮ್‌ನಲ್ಲಿ ಹತ್ತು ನಿಮಿಷದ ಆಟ ಆಡುತ್ತೀರಿ, ರೇಟಿಂಗ್ (ಆಟದ ಬಲ ತೋರಿಸುವ ಅಂಕಿ) 1400ರ ಆಸುಪಾಸು. ಒಂದು ವಾರ ಎಲ್ಲ ನಡೆಗಳೂ ಕಣ್ಣಿಗೆ ಹೊಳೆಯುತ್ತವೆ, ಮರುವಾರ ಕ್ವೀನನ್ನೇ ಪುಕ್ಕಟೆ ಕೊಟ್ಟು ಕೂರುತ್ತೀರಿ. ಈಗ ಸತತ ಒಂಬತ್ತು ಸೋಲು. ಬಿಟ್ಟುಬಿಡಲಾ ಎಂದು ಕೇಳಿದ್ದೀರಿ.

ಬಿಡಬೇಡಿ. ನನಗೂ ಹೀಗೇ ಆಗಿತ್ತು. ಎರಡು ವರ್ಷದ ಹಿಂದೆ ಮೂರೇ ವಾರದಲ್ಲಿ 1480ರಿಂದ 1290ಕ್ಕೆ ಇಳಿದಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳಾ ಅನ್ನಿಸುತ್ತಿತ್ತು.

ಮೊದಲು ಒಂದು ಲೆಕ್ಕ ನೋಡಿ, ನನಗೆ ಇದರಿಂದ ತುಂಬಾ ಸಮಾಧಾನ ಸಿಕ್ಕಿದೆ. ಆನ್‌ಲೈನ್‌ನಲ್ಲಿ ನಿಮಗೆ ಸಿಗುವವರು ಹೆಚ್ಚುಕಮ್ಮಿ ನಿಮ್ಮದೇ ರೇಟಿಂಗಿನವರು. ಡ್ರಾ ಬಿಟ್ಟರೆ ಪ್ರತಿ ಆಟವೂ ನಾಣ್ಯ ಚಿಮ್ಮಿದ ಹಾಗೆ. ನಾಣ್ಯವನ್ನು 100 ಸಲ ಚಿಮ್ಮಿದರೆ ಎಲ್ಲಾದರೂ ಒಂದು ಕಡೆ ಸತತ ಐದು ಸೋಲು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 80. ಸತತ ಆರು ಬೀಳುವ ಸಾಧ್ಯತೆಯೂ ಅರ್ಧಕ್ಕಿಂತ ಜಾಸ್ತಿ. ಸಮಬಲದವರ ಎದುರು ಒಂದು ಸೋಲಿಗೆ ಸುಮಾರು 8 ಪಾಯಿಂಟ್ ಹೋಗುತ್ತದೆ. ಅಂದರೆ ನಿಮ್ಮ ಆಟ ಒಂದಿಷ್ಟೂ ಕೆಡದೆಯೇ 1400 ಇದ್ದದ್ದು 1350 ಆಗಬಹುದು. 1400 ಅನ್ನುವ ಅಂಕಿಗಿಂತ 1350ರಿಂದ 1450ರವರೆಗಿನ ಒಂದು ವ್ಯಾಪ್ತಿಯನ್ನೇ ನಿಮ್ಮ ಮಟ್ಟ ಎಂದುಕೊಳ್ಳಿ.

ಆದರೆ ಒಂಬತ್ತು? ಅದೇ 100 ಆಟದಲ್ಲಿ ಸತತ ಒಂಬತ್ತು ಸೋಲು ಬೀಳುವ ಸಾಧ್ಯತೆ ನೂರಕ್ಕೆ ಹತ್ತೂ ಇಲ್ಲ. ಹಾಗಾಗಿ ನನ್ನ ಅನುಮಾನ ಇಷ್ಟೇ. ಮೊದಲ ನಾಲ್ಕೈದು ಸೋಲು ತಾನಾಗಿ ಬಂದವು. ಉಳಿದವು, ಸೋತ ಮೇಲೂ ಎದ್ದೇಳದೆ ಆಡಿದ್ದರಿಂದ ಬಂದವು.

ನನ್ನದರಲ್ಲಿ ಹಾಗೇ ಆಗಿತ್ತು. ಒಂದು ಭಾನುವಾರ ಕೂತು ಆ ಮೂರು ವಾರದ ಆಟಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ನಡೆಗಳನ್ನಲ್ಲ. ಎಷ್ಟು ಗಂಟೆಗೆ ಆಡಿದೆ, ಹಿಂದಿನ ಆಟ ಮುಗಿದು ಎಷ್ಟು ಹೊತ್ತಾಗಿತ್ತು, ಸೋತಾಗ ನನ್ನ ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು, ಇಷ್ಟೇ. ರಾತ್ರಿಯ ಮೊದಲ ಆಟದಲ್ಲಿ ಗೆಲುವು ಸೋಲು ಸಮಸಮ ಇತ್ತು. ಸತತ ಎರಡು ಸೋತ ಮೇಲಿನ ಆಟಗಳಲ್ಲಿ ಮಾತ್ರ ಬರೀ ಸೋಲು. ಆ ಆಟಗಳ ನಡುವೆ ಐದು ಸೆಕೆಂಡೂ ಅಂತರವಿರಲಿಲ್ಲ. ಇನ್ನೂ ಬೇಸರವಾದದ್ದು ಗಡಿಯಾರ ನೋಡಿ. ಹತ್ತು ನಿಮಿಷದ ಆಟ, ಸೋತಾಗ ಆರು ನಿಮಿಷ ಹಾಗೇ ಉಳಿದಿದೆ! ಯೋಚನೆ ಮಾಡಲು ಸಮಯವಿತ್ತು, ನಾನು ಮಾಡಲಿಲ್ಲ. ಹೋದ ಪಾಯಿಂಟ್ ಇವತ್ತೇ ವಾಪಸ್ ಬರಬೇಕು ಅನ್ನುವ ಹಟದಲ್ಲಿ ಕೈ ಮಾತ್ರ ಓಡುತ್ತಿತ್ತು. ಆಟಗಾರರು ಇದಕ್ಕೇ ಟಿಲ್ಟ್ ಅನ್ನುತ್ತಾರೆ.

ಸತತವಾಗಿ ಸೋಲುವುದು ದೊಡ್ಡ ಆಟಗಾರರಿಗೂ ಇದೆ. ಭಾರತದ ಆಟಗಾರ್ತಿ ವೈಶಾಲಿ 2024ರಲ್ಲಿ ಟೊರಾಂಟೊದಲ್ಲಿ, ವಿಶ್ವ ಚಾಂಪಿಯನ್ನರಿಗೆ ಸವಾಲು ಹಾಕುವವರನ್ನು ಆರಿಸುವ ಮಹಿಳಾ ಕ್ಯಾಂಡಿಡೇಟ್ಸ್‌ನಲ್ಲಿ ಸತತ ನಾಲ್ಕು ಆಟ ಸೋತರು. ಆಮೇಲೆ ಕೊನೆಯ ಐದೂ ಆಟ ಗೆದ್ದರು. ಗುಕೇಶ್ ಅದೇ ಊರಲ್ಲಿ, ಅದೇ ಸಮಯಕ್ಕೆ ನಡೆದ ಓಪನ್ ವಿಭಾಗದ ಏಳನೇ ಸುತ್ತಿನಲ್ಲಿ ಫ್ರಾನ್ಸಿನ ಫಿರೋಜಾಗೆ ಸೋತರು. ಮರುದಿನ ವಿಶ್ರಾಂತಿ ದಿನವಿತ್ತು. ಅಲ್ಲಿಂದ ಮುಂದೆ ಒಂದೂ ಸೋಲಲಿಲ್ಲ, ಟೂರ್ನಿಯನ್ನೇ ಗೆದ್ದರು. ವರ್ಷ ಮುಗಿಯುವಷ್ಟರಲ್ಲಿ ವಿಶ್ವ ಚಾಂಪಿಯನ್ ಆದರು. ಅವರ ಪ್ರತಿಭೆ ನಮಗಿಲ್ಲ, ಸರಿ. ಆದರೆ ಇನ್ನೊಂದು ವ್ಯತ್ಯಾಸ ಗಮನಿಸಿ. ಅಲ್ಲಿ ದಿನಕ್ಕೆ ಒಂದೇ ಆಟ. ಒಂದು ಸೋಲಿಗೂ ಮುಂದಿನ ಆಟಕ್ಕೂ ನಡುವೆ ಒಂದು ರಾತ್ರಿ ಇರುತ್ತದೆ. ಊಟ, ನಿದ್ದೆ, ಒಂದು ಸುತ್ತು ವಾಕಿಂಗ್, ಎಲ್ಲ ಆಗಿರುತ್ತದೆ. ನಮ್ಮ ಮುಂದೆ ಮಾತ್ರ ಆಟ ಮುಗಿದ ಕ್ಷಣಕ್ಕೆ 'ಹೊಸ ಆಟ' ಬಟನ್ ಬಂದು ನಿಲ್ಲುತ್ತದೆ. ಆ ರಾತ್ರಿಯನ್ನು ನಾವೇ ಮಾಡಿಕೊಳ್ಳಬೇಕು.

ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಸತತ ಎರಡು ಸೋತರೆ ಅವತ್ತಿಗೆ ಆಟ ಬಂದ್. ಇನ್ನೂ ವೇಗದ ಬ್ಲಿಟ್ಜ್‌ಗೆ ಹೋಗುವುದೂ ಇಲ್ಲ, ರೀಮ್ಯಾಚ್ ಕೂಡ ಇಲ್ಲ. ಆಡಲೇಬೇಕು ಅನ್ನಿಸಿದರೆ ಪಝಲ್ ಬಿಡಿಸುತ್ತೇನೆ. ಮೊದಲ ವಾರ ಇದು ನಿಜವಾಗಿಯೂ ಕಷ್ಟವಾಯಿತು, ಫೋನನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು ಮಲಗುತ್ತಿದ್ದೆ. 1290ರಿಂದ ಮತ್ತೆ 1450 ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ಸತತವಾಗಿ ಸೋಲುತ್ತೇನೆ, ಆದರೆ ಅದು ಮೂರು ನಾಲ್ಕು ದಿನಕ್ಕೆ ಹರಡಿರುತ್ತದೆ. ಮನಸ್ಸಿಗೆ ಅಷ್ಟು ತಾಗುವುದಿಲ್ಲ.

ಸೋಲುತ್ತಿರುವಾಗ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮ, ಬದಲಿಸಬೇಡಿ. ನಾನು ಇಟಾಲಿಯನ್ ಬಿಟ್ಟು ಕಿಂಗ್ಸ್ ಗ್ಯಾಂಬಿಟ್ ಹಿಡಿದೆ, ಇನ್ನೂ ಜಾಸ್ತಿ ಸೋತೆ. ನಮ್ಮ ಮಟ್ಟದಲ್ಲಿ ಆಟ ಹೋಗುವುದು ಓಪನಿಂಗ್‌ನಿಂದಲ್ಲ, ಎದುರಾಳಿಯ ನಡೆ ಯಾಕೆ ಬಂತು ಎಂದು ನೋಡದೆ ಕುದುರೆಯನ್ನೋ ಆನೆಯನ್ನೋ ಕಳೆದುಕೊಳ್ಳುವುದರಿಂದ. ಇನ್ನೊಂದು ಮಾತು, ಮುಂದೆ ಟೂರ್ನಿಗೆ ಹೋದರೆ ಬೇಕಾಗುತ್ತದೆ. ಅಲ್ಲಿ ಹತ್ತು ವರ್ಷದ ಮಕ್ಕಳು ಸೋಲಿಸಿದರೆ ನಾಚಿಕೆ ಪಡಬೇಡಿ. ಅವರ ಆಟ ಅವರ ರೇಟಿಂಗಿಗಿಂತ ಬೇಗ ಬೆಳೆಯುತ್ತಿರುತ್ತದೆ. 18 ವರ್ಷದೊಳಗಿನವರ ರೇಟಿಂಗ್, 2300 ದಾಟುವವರೆಗೆ, ದೊಡ್ಡವರದ್ದಕ್ಕಿಂತ ಎರಡರಷ್ಟು ವೇಗದಲ್ಲಿ ಬದಲಾಗುವ ಹಾಗೆ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ನಿಯಮ ಇಟ್ಟಿರುವುದು ಸುಮ್ನೆ ಅಲ್ಲ.

ನಿಮ್ಮ ಒಂಬತ್ತು ಆಟಗಳು ಅಕೌಂಟಿನಲ್ಲಿ ಹಾಗೇ ಇವೆ ಅಲ್ವಾ? ಇವತ್ತು ಆಡಬೇಡಿ. ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ ಮೂರು ವಿಷಯ ಬರೆದುಕೊಳ್ಳಿ: ಆಡಿದ ಗಂಟೆ, ಹಿಂದಿನ ಆಟದಿಂದ ಅಂತರ, ಸೋತಾಗ ಉಳಿದ ಸಮಯ. ಐದನೇ ಆಟದಿಂದ ಆಚೆ ಏನು ಕಾಣುತ್ತದೆ ಎಂದು ಇಲ್ಲೇ ಕೆಳಗೆ ಹಾಕಿ, ನಾನೂ ನೋಡುತ್ತೇನೆ.