ಗಲ್ಲಾದ ಚಹಾ, ನಡುರಾತ್ರಿಯ ಊಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೂಕ ಇಳಿಸಲು ನಮ್ಮಲ್ಲಿಗೆ ಬಂದ ಗಂಡಸು, ವಯಸ್ಸು 44. ಮುಂಬೈಯ ಘಾಟ್ಕೋಪರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಕೆಲಸ. ಮನೆ ಡೊಂಬಿವಲಿ, ಊರು ಉಡುಪಿ ಕಡೆ. ಎತ್ತರ 168 ಸೆಂ.ಮೀ., ತೂಕ 91 ಕೆ.ಜಿ., ಸೊಂಟ 106 ಸೆಂ.ಮೀ. ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕದ ಅಳತೆ) 32 ದಾಟಿತ್ತು. ಭಾರತೀಯರಿಗೆ 25 ಮುಟ್ಟಿದರೇ ಬೊಜ್ಜು, ಗಂಡಸರ ಸೊಂಟ 90 ಮೀರಬಾರದು. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ) 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಥೈರಾಯ್ಡ್ ಸರಿಯಿತ್ತು, ಯಾವ ಮಾತ್ರೆಯೂ ನಡೆಯುತ್ತಿರಲಿಲ್ಲ. ಮಾತ್ರೆಯ ವಿಷಯ ಮೊದಲೇ ಕೇಳಿಕೊಳ್ಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಯಲ್ಲಿರುವವರು ಊಟದ ಹೊತ್ತು ಬದಲಿಸಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ಅಂಥವರು ಡಾಕ್ಟರನ್ನು ಕೇಳದೆ ಮುಂದಿನದನ್ನು ಮಾಡಲೇಬಾರದು.

ಬರುವ ಹೊತ್ತಿಗೆ ಇವರು ಎರಡು ಸಲ ಅನ್ನ ಪೂರ್ತಿ ಬಿಟ್ಟಿದ್ದರು. ಎರಡು ವಾರದಲ್ಲಿ ನಾಲ್ಕು ಕೆ.ಜಿ. ಇಳಿದು, ತಿಂಗಳೊಳಗೆ ಅಷ್ಟೂ ವಾಪಸ್ಸು. ಇಳಿದದ್ದರಲ್ಲಿ ಬಹುಪಾಲು ನೀರು. ಪಿಷ್ಟ ಕಡಿಮೆಯಾದಾಗ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಖರ್ಚಾಗುತ್ತದೆ. ಅದರ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಶುರುವಾದ ಕೂಡಲೇ ನೀರು ಮರಳುತ್ತದೆ. ಇದು ಗೊತ್ತಿಲ್ಲದೆ ಅವರು ತಮ್ಮ ಮನೋಬಲವನ್ನೇ ಬೈದುಕೊಂಡಿದ್ದರು.

ಮೊದಲ ವಾರ ಪಥ್ಯ ಏನೂ ಹೇಳಲಿಲ್ಲ. ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಹೊತ್ತು, ತಿಂದದ್ದು, ಆಗ ಹಸಿವಿತ್ತೋ ಇಲ್ಲವೋ, ಈ ಮೂರನ್ನು ಮಾತ್ರ ಬರೆಯಿರಿ ಎಂದೆವು. ತಿಂದ ತಕ್ಷಣ ಬರೆಯಬೇಕು; ರಾತ್ರಿ ನೆನಪಿಸಿಕೊಂಡು ಬರೆದರೆ ಚಹಾ, ಸಕ್ಕರೆ ಸೋಂಪು ಬಿಟ್ಟೇ ಹೋಗುತ್ತವೆ. ಪುಸ್ತಕ ಹೇಳಿದ್ದಿಷ್ಟು: ಬೆಳಿಗ್ಗೆ ಬರೀ ಚಹಾ. ಮಧ್ಯಾಹ್ನ ರಶ್ ಇಳಿದ ಮೇಲೆ ಮೂರೂವರೆಗೆ ಊಟ. ಸಂಜೆ ಹಸಿವಿಲ್ಲದಿದ್ದರೂ ಎರಡು ವಡೆ. ದಿನಕ್ಕೆ ಏಳು ಚಹಾ. ಹೋಟೆಲು ಮುಚ್ಚಿ, ಲೋಕಲ್ ರೈಲು ಹಿಡಿದು, ರಾತ್ರಿ ಹನ್ನೆರಡೂವರೆಗೆ ಮನೆಯಲ್ಲಿ ಹೊಟ್ಟೆ ಬಿರಿಯ ಅನ್ನ, ಬಂಗುಡೆ ಗಸಿ.

ಚಹಾದ ಲೆಕ್ಕ ಸುಲಭ. ಕಪ್ಪಿಗೆ ಎರಡು ಚಮಚದಂತೆ ಏಳಕ್ಕೆ 70 ಗ್ರಾಂ ಸಕ್ಕರೆ, 280 ಕ್ಯಾಲರಿ. ಒಮ್ಮೆಗೇ ಸಕ್ಕರೆ ನಿಲ್ಲಿಸಿದವರು ಹತ್ತು ದಿನದಲ್ಲಿ ಮೊದಲಿನಂತೆ ಕುಡಿಯುವುದೇ ಹೆಚ್ಚು, ಹಾಗಾಗಿ ಎರಡು ವಾರ ಒಂದೂವರೆ ಚಮಚ, ಆಮೇಲೆ ಒಂದು. ಕಪ್ಪುಗಳ ಸಂಖ್ಯೆ ಏಳರಿಂದ ನಾಲ್ಕಕ್ಕೆ. ಹೋಟೆಲಿನ ಚಹಾ ಪಾತ್ರೆಯಲ್ಲೇ ಸಕ್ಕರೆ ಬಿದ್ದಿರುತ್ತದೆ, ಆದ್ದರಿಂದ ತಮ್ಮ ಪಾಲಿನದನ್ನು ಬೇರೆ ಮಾಡಿಕೊಡುವಂತೆ ಚಹಾದ ಹುಡುಗನಿಗೆ ಹೇಳಿಡಬೇಕಾಯಿತು. ದಿನಕ್ಕೆ 200 ಕ್ಯಾಲರಿ ಇಲ್ಲೇ ಉಳಿಯಿತು.

ಕಷ್ಟದ್ದು ರಾತ್ರಿ ಊಟ. ಎರಡನೇ ಭೇಟಿಗೆ ಹೆಂಡತಿಯನ್ನೂ ಕರೆಸಿದೆವು. ‘ಇವರು ಉಣ್ಣದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ ಮೇಡಂ. ದಿನದಲ್ಲಿ ಒಟ್ಟಿಗೆ ಕೂರುವುದೇ ಆಗ,’ ಎಂದರು ಆಕೆ. ಇಂಥ ಕಡೆ ‘ರಾತ್ರಿ ಊಟ ಬಿಡಿ’ ಎನ್ನುವ ಸಲಹೆ ಗಂಡ ಹೆಂಡಿರ ನಡುವೆ ಮುನಿಸು ತಂದೀತೇ ಹೊರತು ಹೆಚ್ಚು ದಿನ ನಡೆಯದು. ಬಿಡಿಸುವ ಬದಲು ಊಟದ ಹೊತ್ತನ್ನೇ ಸರಿಸಿದೆವು. ಗಸಿ, ಅನ್ನ ಬೆಳಿಗ್ಗೆ ಹತ್ತಕ್ಕೆ, ಕೆಲಸಕ್ಕೆ ಹೊರಡುವ ಮುಂಚೆ, ಇಬ್ಬರೂ ಕೂತು: ಒಂದು ದೊಡ್ಡ ಬಂಗುಡೆ, ಬೇಯಿಸಿದ ಕುಚ್ಚಲಕ್ಕಿ ಅನ್ನ 200 ಗ್ರಾಂ, ತಟ್ಟೆಯ ಅರ್ಧದಷ್ಟು ಪಲ್ಯ. ಮೂರೂವರೆಗೆ ಎರಡು ಚಪಾತಿ, ದಾಲ್, ಕೋಸಂಬರಿ. ಸಂಜೆ ರಶ್ ಶುರುವಾಗುವ ಮೊದಲು, ಏಳಕ್ಕೆ, ಸ್ಟಾಫ್ ಊಟದಿಂದ ಒಂದು ಬಟ್ಟಲು ಅನ್ನ, ಸಾಂಬಾರು, ಮೊಸರು, ಜೊತೆಗೆ ಹೆಸರುಕಾಳಿನ ಉಸಲಿ. ಹೊಟ್ಟೆ ತುಂಬಿದ್ದರಿಂದ ವಡೆ ತಾನಾಗಿ ವಾರಕ್ಕೊಂದು ದಿನಕ್ಕೆ ಇಳಿಯಿತು. ನಡುರಾತ್ರಿ ಜೊತೆಗೆ ಕೂರುವುದು ನಿಲ್ಲಲಿಲ್ಲ, ಎದುರಿಗೆ ಒಂದು ಲೋಟ ಮಜ್ಜಿಗೆಯೋ ನಾಲ್ಕು ಹೋಳು ಪಪ್ಪಾಯಿಯೋ ಅಷ್ಟೇ. ಮೊದಲ ಹತ್ತು ದಿನ ಹೊಟ್ಟೆ ಚುರುಗುಟ್ಟುತ್ತದೆ, ಅಭ್ಯಾಸದ ಹಸಿವು ಅದು, ಎಂದು ಮೊದಲೇ ಹೇಳಿಟ್ಟದ್ದು ಒಳ್ಳೆಯದಾಯಿತು.

ಎರಡು ತಿಂಗಳಾದ ಮೇಲೆ ತೂಕ 87ಕ್ಕೆ ಬಂದು ಮೂರು ವಾರ ಅಲ್ಲೇ ಕೂತಿತು. ‘ಇನ್ನು ಅನ್ನ ಬಿಟ್ಟೇಬಿಡಲಾ?’ ಎಂದು ಫೋನು. ಬೇಡ ಎಂದೆವು. ಊಟದ ಪುಸ್ತಕದಲ್ಲಿ ಹೊಸದೇನೂ ಇರಲಿಲ್ಲ, ಸಿಕ್ಕಿದ್ದು ಅಡುಗೆಮನೆಯಲ್ಲಿ: ಮೂರು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಎಣ್ಣೆ. ತಲೆಗೆ ಅರ್ಧ ಲೀಟರ್ ಸಾಕು. ತಿಂಗಳ ಮೊದಲ ದಿನ ಆ ತಿಂಗಳಿಗೆಂದು ಒಂದೂವರೆ ಲೀಟರ್ ಬೇರೆ ಡಬ್ಬಿಗೆ ಸುರಿದು, ಒಗ್ಗರಣೆಗೆ ಸೌಟಿನ ಬದಲು ಚಮಚ ಇಟ್ಟರು. ಗಸಿಯ ತೆಂಗಿನಕಾಯಿಗೆ ನಾವು ಕೈ ಹಾಕಲಿಲ್ಲ. ಕಾಯಿ ಕಡಿಮೆಯಾದ ಗಸಿ ಆ ಮನೆಯಲ್ಲಿ ಒಂದು ವಾರವೂ ಬಾಳುತ್ತಿರಲಿಲ್ಲ.

ತೂಕ ನೋಡುವುದು ವಾರಕ್ಕೊಮ್ಮೆ, ಅದೇ ದಿನ ಬೆಳಿಗ್ಗೆ, ಶೌಚ ಮುಗಿಸಿ, ಬರೀ ಹೊಟ್ಟೆಯಲ್ಲಿ. ದಿನಾ ನೋಡಿದರೆ ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ನೀರು ನಿಂತು ಒಂದು ಕೆ.ಜಿ. ಏರಿದ್ದು ಕಂಡು ಕೈಚೆಲ್ಲುವವರೇ ಜಾಸ್ತಿ.

ಆರು ತಿಂಗಳಿಗೆ 84.5 ಕೆ.ಜಿ., ಸೊಂಟ 99, ಎಚ್‌ಬಿಎ1ಸಿ 5.8. ಮೇ ತಿಂಗಳಲ್ಲಿ ಊರಿನ ಮದುವೆಗಳಿಗೆ ಹೋಗಿ ಒಂದು ಕೆ.ಜಿ. ಹೊತ್ತು ತಂದರು. ಅದಕ್ಕೆ ಉಪವಾಸದ ಶಿಕ್ಷೆ ಬೇಡ, ಮರುದಿನದಿಂದ ಬೆಳಿಗ್ಗೆ ಹತ್ತರ ಊಟಕ್ಕೆ ಮರಳಿದರಾಯಿತು ಎಂದೆವು. ಇನ್ನೂ ಹಿಡಿತಕ್ಕೆ ಬಾರದ್ದು ವಾರದ ರಜೆಯ ದಿನ: ಹನ್ನೊಂದರವರೆಗೆ ನಿದ್ದೆ, ಎದ್ದಮೇಲೆ ಹೊತ್ತುಗೊತ್ತಿಲ್ಲದ ತಿನಿಸು. ಸದ್ಯಕ್ಕೆ ಆ ದಿನ ಏಳುವ ಹೊತ್ತನ್ನು ಮಾತ್ರ ಒಂಬತ್ತಕ್ಕೆ ತರಲು ಹೇಳಿದ್ದೇವೆ.